ಆಟದ ಟೇಪುಗಳಿಗೆ ಎರಡು ಪ್ರೊಸೆಸರ್‌ಗಳ ಹಳೆಯ ಬೋರ್ಡ್ ಕೊಳ್ಳಬಹುದೇ?

ಹೊಸನಗರದ ಕ್ಯಾಮೆರಾ:
ನಮ್ಮ ಸುತ್ತಮುತ್ತ ನಡೆದ ಯಕ್ಷಗಾನದ ಆಟಗಳನ್ನು ಅಪ್ಪ ಮಿನಿ ಡಿವಿ ಟೇಪುಗಳಲ್ಲಿ ಚಿತ್ರೀಕರಿಸಿ ಇಟ್ಟಿದ್ದಾರೆ. ಇಡೀ ರಾತ್ರಿಯ ಆಟಕ್ಕೆ ಏಳೆಂಟು ಟೇಪು. ಅವನ್ನು ಕಂಪ್ಯೂಟರಿಗೆ ಇಳಿಸಿ ಕಡಿಮೆ ಜಾಗ ಹಿಡಿಯುವ ಎಚ್.264 ವಿಡಿಯೋ ರೂಪಕ್ಕೆ ಬದಲಾಯಿಸಬೇಕು. ಸರ್ವರ್‌ನಿಂದ ಕಳಚಿದ, ಎರಡು ಝಿಯಾನ್ ಇ5-2670 ಪ್ರೊಸೆಸರ್ ಇರುವ ಬೋರ್ಡ್ ಅಗ್ಗಕ್ಕೆ ಸಿಗುತ್ತಿದೆ. ಒಂದೊಂದರಲ್ಲಿ 8 ಕೋರ್, ಅಂದರೆ ಏಕಕಾಲಕ್ಕೆ ಬೇರೆ ಬೇರೆ ಕೆಲಸ ಮಾಡಬಲ್ಲ ಭಾಗಗಳು. ಕೊಳ್ಳಬಹುದೇ? ಶಿವಮೊಗ್ಗದ ಹರಾಜಿನಲ್ಲಿ ತಂದ ಮೂರು ಹಳೆಯ ಡೆಸ್ಕ್‌ಟಾಪ್‌ಗಳೂ ಮನೆಯಲ್ಲಿವೆ.

ಸಾಗರದ ಲಿನಕ್ಸ್ ಮೇಷ್ಟ್ರು:
ಬೋರ್ಡ್ ಬೇಡ. ಅಗ್ಗದ ಪ್ರೊಸೆಸರ್‌ಗಳನ್ನು ಜೋಡಿಸುವ ಆಸೆ ನನಗೂ ಇದೆ, ಅದು ಒಳ್ಳೆಯ ಆಸೆಯೇ. 1999ರಲ್ಲಿ ಅಬಿಟ್ ಬಿಪಿ6 ಬೋರ್ಡ್ ಬಂದಾಗ ಎರಡು ಅಗ್ಗದ ಸೆಲೆರಾನ್ ಪ್ರೊಸೆಸರ್ ಕೂರಿಸಬಹುದಿತ್ತು. ಆದರೆ ವಿಂಡೋಸ್ 98 ಒಂದನ್ನಷ್ಟೇ ಬಳಸುತ್ತಿತ್ತು. ಎರಡನ್ನೂ ದುಡಿಸಲು ವಿಂಡೋಸ್ ಎನ್‌ಟಿ ಅಥವಾ ಲಿನಕ್ಸ್ ಬೇಕಿತ್ತು.

ಈಗ ನಿಮ್ಮ ಕೆಲಸ ನೋಡಿ. ಒಂದು ಗಂಟೆಯ ಟೇಪು ಇಳಿಯಲು ಒಂದು ಗಂಟೆಯೇ ಬೇಕು, ಕ್ಯಾಮೆರಾ ಇರುವುದು ಒಂದೇ. ಆಗ ಹದಿನಾರು ಕೋರ್‌ಗಳಿದ್ದರೂ ಕೈಕಟ್ಟಿ ಕೂರುತ್ತವೆ. ಹಂಚಲಾಗದ ಭಾಗವೇ ಒಟ್ಟು ವೇಗಕ್ಕೆ ಮಿತಿ ಎಂದು ಕಂಪ್ಯೂಟರ್ ವಿನ್ಯಾಸಕ ಜೀನ್ ಅಮ್ಡಾಲ್ 1967ರಲ್ಲೇ ತೋರಿಸಿದ್ದರು. ಬದಲಾಯಿಸುವ ಕೆಲಸ ಮಾತ್ರ ಹಂಚಿಕೆಗೆ ಹೇಳಿ ಮಾಡಿಸಿದಂತಿದೆ. ಒಡ್ಡೋಲಗದ ಟೇಪಿಗೂ ಯುದ್ಧದ ಟೇಪಿಗೂ ಅಲ್ಲಿ ಸಂಬಂಧವೇ ಇಲ್ಲ. ಮೂರೂ ಡೆಸ್ಕ್‌ಟಾಪ್‌ಗಳಿಗೆ ಲಿನಕ್ಸ್ ಹಾಕಿ, ಒಂದೊಂದಕ್ಕೆ ಒಂದೊಂದು ಟೇಪಿನ ಫೈಲ್ ಕೊಟ್ಟು, ವಿಡಿಯೋ ರೂಪ ಬದಲಾಯಿಸುವ ಎಫ್‌ಎಫ್‌ಎಂಪೆಗ್ ತಂತ್ರಾಂಶ ಓಡಿಸಿ. ಪ್ರತಿಯೊಂದೂ ಮೂರು ಗಂಟೆ ತೆಗೆದುಕೊಂಡರೂ ಮೂರೂ ಸೇರಿ ಕ್ಯಾಮೆರಾಗೆ ಸಮನಾಗಿ ಸಾಗುತ್ತವೆ.

ಆಗುಂಬೆ ಘಾಟಿ:
ಆ ಝಿಯಾನ್ ಒಂದಕ್ಕೆ 115 ವ್ಯಾಟ್, ಎರಡಕ್ಕೆ 230. ಮಳೆಗಾಲದಲ್ಲಿ ತಂತಿಯ ಮೇಲೆ ಮರ ಬಿದ್ದರೆ ಸಣ್ಣ ಯುಪಿಎಸ್ ಎಷ್ಟು ಹೊತ್ತು ತಡೆಯುತ್ತದೆ? ಮೂರು ಡೆಸ್ಕ್‌ಟಾಪ್‌ಗಳಿಗೂ ಇದೇ ಪ್ರಶ್ನೆ.

ಸಾಗರದ ಲಿನಕ್ಸ್ ಮೇಷ್ಟ್ರು:
ಟೇಪು ಇಳಿಸುವ ಕಂಪ್ಯೂಟರಿಗೂ ಕ್ಯಾಮೆರಾಗೂ ಮಾತ್ರ ಯುಪಿಎಸ್ ಕೊಡಿ. ಹಳೆಯ ಟೇಪನ್ನು ಮತ್ತೆ ಮತ್ತೆ ಓಡಿಸಬಾರದು. ಡೆಸ್ಕ್‌ಟಾಪ್ ನಿಂತರೆ ಆ ಒಂದು ಫೈಲನ್ನು ಮತ್ತೆ ಓಡಿಸಿದರಾಯಿತು.

ಹೊಸನಗರದ ಕ್ಯಾಮೆರಾ:
ಫೈಲುಗಳನ್ನು ಸಾಗಿಸುವುದೇ ನಿಧಾನವಾಗುವುದಿಲ್ಲವೇ? ಕಂಪ್ಯೂಟರ್‌ಗಳನ್ನು ಜೋಡಿಸುವ ನನ್ನ ನೆಟ್‌ವರ್ಕ್ ಸ್ವಿಚ್ 100 ಎಂಬಿಪಿಎಸ್‌ನದು.

ಸಾಗರದ ಲಿನಕ್ಸ್ ಮೇಷ್ಟ್ರು:
ಒಂದು ಗಂಟೆಯ ಡಿವಿ ಸುಮಾರು 13 ಜಿಬಿ. ಆ ಸ್ವಿಚ್‌ನಲ್ಲಿ ಇಪ್ಪತ್ತು ನಿಮಿಷ ಸಾಕು, ಅಷ್ಟರಲ್ಲಿ ಮುಂದಿನ ಟೇಪು ಇಳಿಯುತ್ತಲೇ ಇರುತ್ತದೆ. ಬೋರ್ಡಿನ ದುಡ್ಡಿಗೆ ದೊಡ್ಡ ಹಾರ್ಡ್ ಡಿಸ್ಕ್ ತನ್ನಿ. ಮೂಲ ಡಿವಿ ಫೈಲುಗಳನ್ನು ಅಳಿಸಬೇಡಿ, ಎಂಟು ಟೇಪಿನ ಆಟಕ್ಕೆ 104 ಜಿಬಿ ಆದೀತು. ಬೂಷ್ಟು ಹಿಡಿದ ಟೇಪುಗಳನ್ನು ಮಾತ್ರ ಬೇರೆ ಇಡಿ, ಕ್ಯಾಮೆರಾಗೆ ಹಾಕಿದರೆ ಟೇಪು ಓದುವ ಹೆಡ್ ಕೆಡುತ್ತದೆ.