‘ಡಿಸ್‌ಪ್ರಪೋರ್ಷನೇಟ್’ ಅಂದರೆ ಬರೀ ‘ಮೀರಿದ’ ಅಂತಲೇ?

ಭ್ರಷ್ಟಾಚಾರ ಪ್ರಕರಣವೊಂದರ ತೀರ್ಪಿನ ಸಾರಾಂಶವನ್ನು ಕನ್ನಡಕ್ಕೆ ತರುವಾಗ ಈ ಪದ ಎರಡು ದಿನ ತಲೆ ತಿಂದಿತು. ‘ಡಿಸ್‌ಪ್ರಪೋರ್ಷನೇಟ್ ಅಸೆಟ್ಸ್’ಗೆ ನಮ್ಮ ಪತ್ರಿಕೆಗಳು ‘ಆದಾಯ ಮೀರಿದ ಆಸ್ತಿ’ ಎನ್ನುತ್ತವೆ. ಕೆಲವರು ‘ಅಕ್ರಮ ಆಸ್ತಿ’ ಎಂದೇ ಬರೆದುಬಿಡುತ್ತಾರೆ. ಅಕ್ರಮ ಹೌದೋ ಅಲ್ಲವೋ ಎಂಬುದು ವಿಚಾರಣೆ ಮುಗಿದ ಮೇಲಿನ ಮಾತಲ್ಲವೇ? ‘ಅಸಮತೋಲನ ಆಸ್ತಿ’ ಎಂದರೆ ನನಗೆ ತಕ್ಕಡಿ ಕಾಣುತ್ತದೆ, ಅರ್ಥ ಕಾಣುವುದಿಲ್ಲ.

‘ಮೀರಿದ’ ಸಲೀಸಾದ ಪದ, ನಿಜ. ಆದರೆ ಮೀರಲು ಒಂದು ರೂಪಾಯಿ ಸಾಕು. ಇಂಗ್ಲಿಷ್ ಪದದ ಹೊಟ್ಟೆಯೊಳಗೆ ‘ಪ್ರಪೋರ್ಷನ್’ ಕೂತಿದೆ. ಯಾವುದರ ಮುಂದೆ ಇಟ್ಟರೆ ಎಷ್ಟು ಎಂದು ಅದು ಕೇಳುತ್ತದೆ. ಜಯಲಲಿತಾ ಪ್ರಕರಣವನ್ನೇ ತೆಗೆದುಕೊಳ್ಳಿ. 2015ರ ಮೇನಲ್ಲಿ ಕರ್ನಾಟಕ ಹೈಕೋರ್ಟ್ ಹಾಕಿದ ಲೆಕ್ಕದಲ್ಲಿ ಆದಾಯ 34.76 ಕೋಟಿ, ಅದಕ್ಕಿಂತ ಹೆಚ್ಚಿದ್ದ ಆಸ್ತಿ 2.82 ಕೋಟಿ. ಅಂದರೆ ಶೇ 8.12. ಹೆಚ್ಚಳ ಶೇ 10ರೊಳಗಿದ್ದರೆ ಆರೋಪಿಗೆ ಅದರ ಲಾಭ ಸಿಗಬೇಕೆಂಬ ಕೃಷ್ಣಾನಂದ ಅಗ್ನಿಹೋತ್ರಿ ಪ್ರಕರಣದ ತೀರ್ಪನ್ನು ಆಧರಿಸಿ ಖುಲಾಸೆಯಾಯಿತು. (ಸಾಲದ ಬಾಬ್ತು ಕೂಡುವಾಗಲೇ ಹದಿಮೂರೂವರೆ ಕೋಟಿ ಎಡವಟ್ಟಾಗಿತ್ತು, 2017ರ ಫೆಬ್ರುವರಿಯಲ್ಲಿ ಸುಪ್ರೀಂ ಕೋರ್ಟ್ ಆ ಖುಲಾಸೆಯನ್ನು ರದ್ದು ಮಾಡಿತು. ಅದು ಬೇರೆ ಕಥೆ.) ಈಗ ಹೈಕೋರ್ಟಿನ ವಾದವನ್ನು ರೂಢಿಯ ಕನ್ನಡದಲ್ಲಿ ಹೇಳಿ ನೋಡಿ: ‘ಆಸ್ತಿ ಆದಾಯವನ್ನು ಮೀರಿತ್ತು, ಆದರೆ ಅದು ಆದಾಯ ಮೀರಿದ ಆಸ್ತಿ ಆಗಿರಲಿಲ್ಲ.’ ನನ್ನ ಕರಡಿನಲ್ಲಿ ಈ ವಾಕ್ಯ ಹೀಗೇ ಬಂದು ಕೂತಿತ್ತು!

ನನಗೆ ಹೊಳೆದದ್ದು ‘ಆದಾಯಕ್ಕೆ ತಕ್ಕುದಲ್ಲದ ಆಸ್ತಿ’. ವಯಸ್ಸಿಗೆ ತಕ್ಕ ಎತ್ತರ, ಕೆಲಸಕ್ಕೆ ತಕ್ಕ ಕೂಲಿ ಎನ್ನುವಾಗ ಆ ಅನುಪಾತ ತಾನಾಗಿ ಬರುತ್ತದೆ, ಒಂದಿಷ್ಟು ಆಚೀಚೆ ಆಗುವುದಕ್ಕೂ ಜಾಗವಿರುತ್ತದೆ. ‘ತಾಳೆಯಾಗದ’ ಎಂದು ಗೆಳೆಯರೊಬ್ಬರು ಸೂಚಿಸಿದರು. ಪದ ಚೆನ್ನಾಗಿದೆ, ಆದರೆ ಲೆಕ್ಕ ತಾಳೆ ತಪ್ಪಲೂ ಒಂದು ರೂಪಾಯಿ ಸಾಕು.

‘ಬರದ ಡಿಸ್‌ಪ್ರಪೋರ್ಷನೇಟ್ ಹೊರೆ ಹೆಣ್ಣುಮಕ್ಕಳ ಮೇಲೆ’ ಎನ್ನುವಂಥ ಕಡೆ ಮಾತ್ರ ‘ತಕ್ಕುದಲ್ಲದ’ ಒಗ್ಗುವುದಿಲ್ಲ. ಅಲ್ಲಿ ‘ಅವರ ಪಾಲಿಗಿಂತ ಹೆಚ್ಚಿನ ಹೊರೆ’ ಎಂದರೆ ಮುಗಿಯಿತು.

‘ತಕ್ಕುದಲ್ಲದ’ ಎಂದಾಗ ‘ಯೋಗ್ಯವಲ್ಲದ’ ಎಂಬ ಛಾಯೆ ನಿಮ್ಮ ಕಿವಿಗೂ ಬೀಳುತ್ತದೆಯೇ? ಕೋರ್ಟಿನ ಕನ್ನಡದಲ್ಲಿ ಯಾರಾದರೂ ಇದನ್ನು ಬಳಸಿದ್ದೀರಾ?