ಚಿ-ಹಾ ಟ್ಯಾಂಕಿಗೆ ಹಳದಿ ಪಟ್ಟಿ ಬಳಿಯಬೇಕಾ, ಬೇಡವಾ?

ಸ್ಪ್ರೂಕತ್ತರಿ

ಎಲ್ಲರಿಗೂ ನಮಸ್ಕಾರ. ಇಷ್ಟು ದಿನ ಜರ್ಮನ್, ಅಮೆರಿಕನ್ ಟ್ಯಾಂಕುಗಳ ಪ್ಲಾಸ್ಟಿಕ್ ಮಾಡೆಲ್‌ಗಳನ್ನೇ ಕಟ್ಟುತ್ತಿದ್ದೆ. ಎರಡು ಪ್ಯಾಂಥರ್, ಮೂರು ಶರ್ಮನ್ ಮುಗಿದಿವೆ. ಜಪಾನಿನದು ಇದೇ ಮೊದಲು. ಟೈಪ್ 97 ಚಿ-ಹಾ, 1/35 (ಅಂದರೆ ನಿಜದ ಮೂವತ್ತೈದನೇ ಒಂದು ಅಳತೆ), ಹಳೇ ಅಚ್ಚಿನ ಕಿಟ್, ಗಿಡ್ಡ ನಳಿಕೆಯ 57 ಮಿ.ಮೀ. ಫಿರಂಗಿ ಇರುವುದು. ಹಲ್ (ಟ್ಯಾಂಕಿನ ಒಡಲು), ಟರೆಟ್ (ಮೇಲಿನ ತಿರುಗುವ ಗೋಪುರ) ಎರಡನ್ನೂ ಅಂಟಿಸಿ ಪ್ರೈಮರ್ ಹೊಡೆದಿದ್ದೇನೆ. ಟರೆಟ್ ಸುತ್ತ ಬರುವ ಬಳೆಯಂಥ ಆಂಟೆನಾ ಮಾತ್ರ ಇನ್ನೂ ಸ್ಪ್ರೂನಲ್ಲೇ, ಅಂದರೆ ಭಾಗಗಳು ಅಂಟಿಕೊಂಡು ಬರುವ ಪ್ಲಾಸ್ಟಿಕ್ ಚೌಕಟ್ಟಿನಲ್ಲೇ ಇದೆ. ಅದನ್ನು ಮುಟ್ಟಲು ಭಯ.

1944ರಲ್ಲಿ ಪೆಸಿಫಿಕ್‌ನ ಸೈಪಾನ್ ದ್ವೀಪದಲ್ಲಿ ಕಾದಾಡಿದ ಟ್ಯಾಂಕ್ ಮಾಡಬೇಕು ಅಂತ ಆಸೆ. ನಾನು ನೋಡಿದ ಚಿ-ಹಾ ಮಾಡೆಲ್‌ಗಳಲ್ಲಿ ಹೆಚ್ಚಿನವಕ್ಕೆ ಕಂದು, ಹಸಿರು, ಖಾಕಿ ಬಣ್ಣಗಳ ಮೇಲೆ ಹಾವಿನ ಹಾಗೆ ಹರಿಯುವ ಹಳದಿ ಪಟ್ಟಿ ಇರುತ್ತದೆ. ನನಗೆ ಅದು ತುಂಬಾ ಇಷ್ಟ, ಈ ಕಿಟ್ ಕೊಂಡದ್ದೇ ಆ ಪಟ್ಟಿ ಬಳಿಯಲು ಅಂದರೂ ಸರಿ. ಆದರೆ 1944ಕ್ಕೆ ಹಳದಿ ಪಟ್ಟಿ ಹೊಂದುವುದಿಲ್ಲ ಅಂತ ಗೆಳೆಯರೊಬ್ಬರು ಹೇಳಿದರು. ಹೌದಾ?

ಇನ್ನೊಂದು, ಕಿಟ್‌ನಲ್ಲಿ ಬಂದಿರುವ ವಿನೈಲ್ ಟ್ರ್ಯಾಕ್ (ಚಕ್ರಗಳ ಸುತ್ತ ಓಡುವ ಸರಪಳಿ) ರಬ್ಬರ್ ಬ್ಯಾಂಡ್ ತರಹ ಬಿಗಿಯಾಗಿ ನಿಲ್ಲುತ್ತದೆ. ಫೋಟೋಗಳಲ್ಲಿ ನಿಜವಾದ ಟ್ಯಾಂಕಿನ ಟ್ರ್ಯಾಕ್ ಮೇಲ್ಗಡೆ ಚೆನ್ನಾಗಿ ಜೋತುಬಿದ್ದಿರುತ್ತದೆ ಅಲ್ವಾ, ಹಾಗೆ ಮಾಡುವುದು ಹೇಗೆ?

ಮಣ್ಣುಬಣ್ಣ

ನಿಮ್ಮ ಗೆಳೆಯರು ಹೇಳಿದ್ದು ಮುಕ್ಕಾಲು ಪಾಲು ಸರಿ. ಹಳದಿ ಪಟ್ಟಿ ಯುದ್ಧದ ಮೊದಲಿನ ಮತ್ತು ಮೊದಮೊದಲ ವರ್ಷಗಳ ಪದ್ಧತಿ. 1942ರ ಹೊತ್ತಿಗೆ ಅದನ್ನು ಕೈಬಿಟ್ಟರು. ಆಮೇಲೆ ಬಂದ ಟ್ಯಾಂಕುಗಳಿಗೆ ಒಣಹುಲ್ಲಿನ ಬಣ್ಣ, ಹಸಿರು, ಮಣ್ಣಿನ ಕಂದು ಅಷ್ಟೇ. ಪಟ್ಟಿ ಇಲ್ಲ.

ಮುಕ್ಕಾಲು ಅಂದದ್ದು ಯಾಕೆಂದರೆ ಟ್ಯಾಂಕು ತಯಾರಾದ ವರ್ಷ ಬೇರೆ, ಕಾದಾಡಿದ ವರ್ಷ ಬೇರೆ. ಸೈಪಾನ್‌ನಲ್ಲಿ 1944ರ ಜೂನ್‌ನಲ್ಲಿ ಕಾದಾಡಿದ 9ನೇ ಟ್ಯಾಂಕ್ ರೆಜಿಮೆಂಟ್ ಮಂಚೂರಿಯಾದಲ್ಲಿದ್ದ ಪಡೆ. ಹಳೆಯ 57 ಮಿ.ಮೀ. ಚಿ-ಹಾ ಅವರ ಬಳಿ ಇದ್ದವು. ಹಳೇ ಗಾಡಿಯ ಮೇಲೆ ಹಳೇ ಬಣ್ಣ ಉಳಿದಿರುವುದು ಆಗದ ಮಾತೇನಲ್ಲ. ಹಾಗಂತ ಊಹೆಯ ಮೇಲೆ ಬಳಿಯಬೇಡಿ, ನೀವು ಮಾಡುವ ಟ್ಯಾಂಕಿನದೇ ಫೋಟೋ ಇದ್ದರೆ ಅದನ್ನು ನೋಡಿ ಬಳಿಯಿರಿ.

ನನ್ನ ಅಭಿಪ್ರಾಯ ಕೇಳಿದರೆ, ಪಟ್ಟಿಯ ಮೇಲೆ ಅಷ್ಟು ಆಸೆ ಇದ್ದರೆ ಸೈಪಾನ್ ಬಿಟ್ಟು ಮಲಯಕ್ಕೆ (ಇಂದಿನ ಮಲೇಷ್ಯಾ) ಬನ್ನಿ. 1942ರ ಜನವರಿ 7, ಸ್ಲಿಮ್ ನದಿ. ಬೆಳಗಿನ ಜಾವದ ಕತ್ತಲಲ್ಲಿ ಶಿಮಾಡಾ ಅನ್ನುವ ಅಧಿಕಾರಿಯ ಕಂಪನಿ ಚಿ-ಹಾಗಳನ್ನು ಟ್ರಂಕ್ ರಸ್ತೆಯಲ್ಲಿ ನೇರವಾಗಿ ನುಗ್ಗಿಸಿ, ಬ್ರಿಟಿಷರ ಕಡೆಯ 11ನೇ ಇಂಡಿಯನ್ ಡಿವಿಜನ್ನಿನ ಸಾಲುಗಳನ್ನು ಒಂದಾದ ಮೇಲೊಂದು ದಾಟಿಕೊಂಡು ಸೇತುವೆಯವರೆಗೂ ಹೋಯಿತು. ನಿಮ್ಮ 57 ಮಿ.ಮೀ. ಟರೆಟ್, ಬಳೆ ಆಂಟೆನಾ, ಹಳದಿ ಪಟ್ಟಿ ಮೂರೂ ಆ ಕಾಲಕ್ಕೆ ಸೇರಿದವು. ಕಿಟ್‌ನಲ್ಲಿ ಏನನ್ನೂ ಬದಲಿಸಬೇಕಾಗಿಲ್ಲ.

ಪ್ಯಾಂಥರ್ ಕಟ್ಟಿದವರಿಗೆ ಇದು ಹೊಸದಲ್ಲ. ಅಯಸ್ಕಾಂತದ ಸಿಡಿಗುಂಡು ಅಂಟದಿರಲಿ ಅಂತ ಹಚ್ಚುವ ಜಿಮ್ಮರಿಟ್ ಲೇಪವನ್ನು 1943ರ ಕೊನೆಯಿಂದ 1944ರ ಸೆಪ್ಟೆಂಬರ್‌ವರೆಗೆ ಮಾತ್ರ ಕಾರ್ಖಾನೆಯಲ್ಲಿ ಹಚ್ಚುತ್ತಿದ್ದರು ಅಂತ ನಿಮಗೇ ಗೊತ್ತಿರುತ್ತದೆ, ಅದನ್ನು ನೋಡಿಯೇ ಕಿಟ್ ಆರಿಸುತ್ತೀರಿ. ಇಲ್ಲೂ ಅಷ್ಟೇ. ಮೊದಲು ವರ್ಷ ಮತ್ತು ಜಾಗ ಗಟ್ಟಿ ಮಾಡಿಕೊಳ್ಳಿ. ಯಾವ ಟರೆಟ್, ಯಾವ ಬಣ್ಣ, ಯಾವ ಗುರುತು ಅನ್ನುವುದೆಲ್ಲ ಅದರ ಹಿಂದೆ ತಾನಾಗಿ ಬರುತ್ತದೆ.

ಜೋತುಟ್ರ್ಯಾಕ್

ಬಣ್ಣದ ವಿಷಯ ಮೇಲಿನವರು ಹೇಳಿದ್ದಾರೆ. ನಾನು ಟ್ರ್ಯಾಕ್ ಬಗ್ಗೆ ಹೇಳುತ್ತೇನೆ, ಇದರಲ್ಲಿ ಪೆಟ್ಟು ತಿಂದು ಕಲಿತವನು.

ಚಿ-ಹಾ ಪಕ್ಕದಲ್ಲಿ ಆರು ದೊಡ್ಡ ಚಕ್ರ, ಮೇಲೆ ಮೂರು ಚಿಕ್ಕ ರೋಲರ್. ನಡುವಿನ ರೋಲರನ್ನು ಹತ್ತಿರದಿಂದ ನೋಡಿ. ಅದು ಅಕ್ಕಪಕ್ಕದ ಎರಡರಂತೆ ಪೂರ್ತಿ ಅಗಲ ಇಲ್ಲ, ಟ್ರ್ಯಾಕಿನ ಒಳಗಿನ ಅರ್ಧವನ್ನು ಮಾತ್ರ ಹೊರುತ್ತದೆ. ಇದನ್ನು ಮೊದಲ ಸಲ ನೋಡಿದಾಗ ಕಿಟ್‌ನಲ್ಲೇ ಭಾಗ ಕಡಿಮೆ ಬಂದಿದೆ ಅಂದುಕೊಂಡಿದ್ದೆ. ಅಲ್ಲ, ನಿಜವಾದ ಟ್ಯಾಂಕೇ ಹಾಗೆ. ಜೋಲು ಇರಬೇಕಾದದ್ದು ರೋಲರುಗಳ ನಡುವಿನ ಜಾಗದಲ್ಲಿ, ರೋಲರಿನ ಮೇಲೆ ಟ್ರ್ಯಾಕ್ ಕೂತಿರಲೇಬೇಕು. ಕೆಲವರು ಜೋಲು ತರುವ ಉತ್ಸಾಹದಲ್ಲಿ ಇಡೀ ಟ್ರ್ಯಾಕನ್ನು ಎಳೆದು ಕೆಳಗಿನ ಚಕ್ರಗಳಿಗೇ ಅಂಟಿಸಿಬಿಡುತ್ತಾರೆ, ಆಗ ರೋಲರು ಗಾಳಿಯಲ್ಲಿ ತೇಲಿದ ಹಾಗೆ ಕಾಣುತ್ತದೆ.

ವಿನೈಲ್‌ನಲ್ಲೇ ಮಾಡುವುದಾದರೆ ಹೀಗೆ ಮಾಡಿ. ರೋಲರುಗಳ ನಡುವೆ, ಟ್ರ್ಯಾಕಿಗೆ ಸ್ವಲ್ಪ ಮೇಲೆ, ಹಲ್‌ನ ಪಕ್ಕದ ಗೋಡೆಗೆ ಸಣ್ಣ ತೂತು ಕೊರೆದು ತಂತಿಯ ತುಂಡು ಸಿಕ್ಕಿಸಿ. ಆ ತಂತಿ ಟ್ರ್ಯಾಕಿನ ಒಳ ಅಂಚನ್ನು ಕೆಳಗೆ ಒತ್ತಿ ಹಿಡಿಯುತ್ತದೆ. ಮೇಲೆ ಮಡ್‌ಗಾರ್ಡ್ ಇರುವುದರಿಂದ ಹೊರಗಿನವರಿಗೆ ಕಾಣುವುದಿಲ್ಲ. ರೋಲರಿನ ಮೇಲೆ ಒಂದೊಂದು ಹನಿ ಸೂಪರ್ ಗ್ಲೂ. ಪ್ಲಾಸ್ಟಿಕ್ ಕಿಟ್ ಅಂಟು ವಿನೈಲ್‌ಗೆ ಹಿಡಿಯುವುದಿಲ್ಲ.

ಇನ್ನು ನನ್ನ ಪೆಟ್ಟಿನ ಕಥೆ. ಕೆಲವು ವರ್ಷಗಳ ಹಿಂದೆ ಒಂದು ಹಳೇ ಕಿಟ್ ಕಟ್ಟಿ ಕಪಾಟಿನಲ್ಲಿಟ್ಟಿದ್ದೆ. ಚಕ್ರಗಳಿಗೆ ಬಣ್ಣ ಸರಿಯಾಗಿ ಬಳಿದಿರಲಿಲ್ಲ, ಟ್ರ್ಯಾಕ್ ಮುಟ್ಟುವ ಜಾಗ ಹೇಗೂ ಕಾಣುವುದಿಲ್ಲ ಅಂತ ಬರಿ ಪ್ಲಾಸ್ಟಿಕ್ ಹಾಗೇ ಬಿಟ್ಟಿದ್ದೆ. ಎರಡು ವರ್ಷ ಆದಮೇಲೆ ಧೂಳು ಒರೆಸಲು ತೆಗೆದರೆ, ಟ್ರ್ಯಾಕ್ ತಗುಲಿದ ಕಡೆಯೆಲ್ಲ ಚಕ್ರ ಮೆತ್ತಗಾಗಿ, ಟ್ರ್ಯಾಕಿನ ಹಲ್ಲಿನ ಗುರುತೇ ಅದರಲ್ಲಿ ಅಚ್ಚೊತ್ತಿತ್ತು. ಬಿಡಿಸಲು ಹೋದರೆ ಬೆಲ್ಲದ ಪಾಕದ ಹಾಗೆ ಎಳೆ ಎಳೆ. ವಿನೈಲ್ ಮೆತ್ತಗಿರಲಿ ಅಂತ ಸೇರಿಸಿದ ರಾಸಾಯನಿಕ ನಿಧಾನವಾಗಿ ಹೊರಬಂದು ಕಿಟ್‌ನ ಪ್ಲಾಸ್ಟಿಕ್ಕಾದ ಪಾಲಿಸ್ಟೈರೀನನ್ನು ಕರಗಿಸುತ್ತದೆ, ಹಳೆಯ ಟ್ರ್ಯಾಕ್‌ಗಳಲ್ಲಿ ಇದು ಜಾಸ್ತಿ. ಆ ಟ್ಯಾಂಕನ್ನು ಉಳಿಸಿಕೊಳ್ಳಲು ಆಗಲಿಲ್ಲ, ಇವತ್ತಿಗೂ ಹೊಟ್ಟೆ ಉರಿಯುತ್ತದೆ. ಆದ್ದರಿಂದ ಚಕ್ರದ ಸುತ್ತ, ರೋಲರ್, ಹಲ್ಲಿನ ಚಕ್ರ ಎಲ್ಲಕ್ಕೂ ಪ್ರೈಮರ್, ಬಣ್ಣ, ಮೇಲೆ ಲ್ಯಾಕರ್ ಕ್ಲಿಯರ್ ಕೋಟ್ ಹೊಡೆದು ಪೂರ್ತಿ ಒಣಗಿದ ಮೇಲೇ ಟ್ರ್ಯಾಕ್ ಹಾಕಿ.

ಕೈಯಲ್ಲಿ ಇನ್ನಷ್ಟು ತಾಳ್ಮೆ ಇದ್ದರೆ ಬಿಡಿಬಿಡಿ ಕೊಂಡಿಗಳ ಪ್ಲಾಸ್ಟಿಕ್ ಟ್ರ್ಯಾಕ್ ಕೊಳ್ಳುವುದೇ ಒಳ್ಳೆಯದು. ಜಪಾನಿನ ಟ್ಯಾಂಕುಗಳಿಗೆಂದೇ ಫೈನ್ ಮೋಲ್ಡ್ಸ್ ಅವರದು ಸಿಗುತ್ತದೆ. ಚಿ-ಹಾ ಕೊಂಡಿಗಳು ಬಹಳ ಸಣ್ಣವು, ಕೂತು ಜೋಡಿಸಲು ಒಂದು ಪೂರ್ತಿ ಸಂಜೆ ಬೇಕು. ಅಂಟು ಅರ್ಧ ಒಣಗಿ ಇನ್ನೂ ಬಾಗುವ ಹಾಗಿರುವಾಗಲೇ ಚಕ್ರಗಳ ಸುತ್ತ ಹಾಸಿ, ಮೇಲಿನ ಸಾಲನ್ನು ಹತ್ತಿಯ ಉಂಡೆಯಿಂದ ಮೆಲ್ಲಗೆ ಒತ್ತಿ ರಾತ್ರಿಯಿಡೀ ಬಿಡಿ.

ಇರೋಹಾ

ಒಂದು ಪುಟ್ಟ ವಿಷಯ ಸೇರಿಸುತ್ತೇನೆ, ಜಪಾನಿನ ಟ್ಯಾಂಕಿಗೆ ಹೊಸಬರು ಅಂದಿದ್ದೀರಲ್ಲ. ಈ ಹೆಸರುಗಳನ್ನು ಓದಲು ಕಲಿತರೆ ವರ್ಷದ ಲೆಕ್ಕ ಅರ್ಧ ಮುಗಿದಂತೆ. ಟೈಪ್ 97 ಅಂದರೆ ಜಪಾನಿನ ಹಳೇ ಸಾಮ್ರಾಜ್ಯ ಶಕೆಯ 2597, ನಮ್ಮ ಲೆಕ್ಕದ 1937. ಟೈಪ್ 95 ಹಾ-ಗೋ 1935. ಟೈಪ್ 3 ಅಂದರೆ 2603, ಅಂದರೆ 1943. ಚಿ ಅನ್ನುವುದು ಮಧ್ಯಮ ಟ್ಯಾಂಕ್ ಅನ್ನುವುದರ ಗುರುತು. ಹಾ ಅನ್ನುವುದು ಇ-ರೋ-ಹಾ ಅನ್ನುವ ಹಳೇ ಅಕ್ಷರಮಾಲೆಯ ಮೂರನೆಯ ಅಕ್ಷರ. ಹತ್ತನೆಯದು ನು, ಹಾಗಾಗಿ ಟೈಪ್ 3ರ ಹೆಸರು ಚಿ-ನು.

ಆ ಚಿ-ನು 75 ಮಿ.ಮೀ. ಫಿರಂಗಿಯ ಟ್ಯಾಂಕು. ತಾಯ್ನಾಡಿನ ರಕ್ಷಣೆಗೆ ಅಂತ ಜಪಾನಿನಲ್ಲೇ ಇಟ್ಟುಕೊಂಡರು, ಯುದ್ಧ ಕಾಣಲೇ ಇಲ್ಲ. ಅದರ ಕಿಟ್ ಕಟ್ಟಿ ಮೈತುಂಬ ಗುಂಡಿನ ಗಾಯ ಮಾಡುವವರನ್ನು ನೋಡಿದ್ದೇನೆ, ನನಗೆ ಸರಿ ಅನ್ನಿಸುವುದಿಲ್ಲ.

ಇನ್ನೊಂದು ಗಮನಿಸಿ, ಉದ್ದ ನಳಿಕೆಯ 47 ಮಿ.ಮೀ. ಟರೆಟ್ ಇರುವುದು ಶಿನ್‌ಹೋತೋ ಚಿ-ಹಾ. ಅದು ಮೊದಲು ಕಾದಾಡಿದ್ದು 1942ರಲ್ಲಿ ಫಿಲಿಪೀನ್ಸ್‌ನ ಕೊರೆಗಿಡೋರ್‌ನಲ್ಲಿ. ಅದರ ಮಾಮೂಲಿ ಟರೆಟ್ ಮೇಲೆ ಬಳೆ ಆಂಟೆನಾ ಇಲ್ಲ. ಅದನ್ನು ಇದಕ್ಕೆ, ಇದನ್ನು ಅದಕ್ಕೆ ಸೇರಿಸಬೇಡಿ.

ನನಗೆ ಎಲ್ಲಕ್ಕಿಂತ ಇಷ್ಟವಾದ ಗುರುತು ಜಪಾನಿನ ಉತ್ತರಕ್ಕಿರುವ ಕುರಿಲ್ ಸಾಲಿನ ಶುಮುಶು ದ್ವೀಪದ 11ನೇ ಟ್ಯಾಂಕ್ ರೆಜಿಮೆಂಟಿನದು. ಜಪಾನೀ ಬರಹದಲ್ಲಿ ಹತ್ತು ಅಂದರೆ ಕೂಡಿಸುವ ಚಿಹ್ನೆಯ ಹಾಗೆ ಒಂದು ಅಡ್ಡ ಗೆರೆ, ಒಂದು ಉದ್ದ ಗೆರೆ. ಒಂದು ಅಂದರೆ ಬರೀ ಅಡ್ಡ ಗೆರೆ. ಹತ್ತರ ಕೆಳಗೆ ಒಂದನ್ನು ಬರೆದರೆ ಯೋಧ ಅನ್ನುವ ಅಕ್ಷರವೇ ಆಗುತ್ತದೆ! ಅದಕ್ಕೇ ಆ ಪಡೆಗೆ ಶಿಕೋನ್, ಅಂದರೆ ಯೋಧನ ಆತ್ಮ ಅಂತ ಹೆಸರು. 1945ರ ಆಗಸ್ಟ್ 18ರಂದು, ಜಪಾನ್ ಶರಣಾಗತಿ ಘೋಷಿಸಿದ ಮೇಲೆ, ದ್ವೀಪಕ್ಕೆ ಇಳಿದ ಸೋವಿಯತ್ ಪಡೆಯ ಮೇಲೆ ಇವರು ನುಗ್ಗಿದರು, ಕರ್ನಲ್ ಇಕೆಡಾ ಸುಎಒ ಅಲ್ಲೇ ಸತ್ತರು. ಹಳದಿ ಪಟ್ಟಿ ಇಲ್ಲದೆಯೂ ಒಂದು ಚಿ-ಹಾ ಎಷ್ಟು ಹೇಳಬಲ್ಲದು ಅಂತ ನೋಡಬೇಕಾದರೆ ಮುಂದಿನ ಕಿಟ್ ಇದೇ ಇರಲಿ.

ಎರಡುಕೂದಲಬ್ರಷ್

ಮೇಲಿನವರ ಮಾತು ಒಪ್ಪುತ್ತೇನೆ, ಆದರೆ ಒಂದು ಕಡೆ ನನ್ನ ತಕರಾರು. ಫೋಟೋ ಇದ್ದರೆ ಮಾತ್ರ ಬಳಿಯಿರಿ ಅಂದರೆ ಹೊಸಬರು ಕಿಟ್ ಡಬ್ಬದಲ್ಲೇ ಇಟ್ಟುಕೊಂಡು ಕೂರುತ್ತಾರೆ. ಕಾಲಕ್ಕೆ ಹೊಂದುವ ಸಾಮಾನ್ಯ ಬಣ್ಣ ಸಾಕು, ಕಟ್ಟಿ ಮುಗಿಸಿ.

ಪಟ್ಟಿ ಬಳಿಯುವುದು ಹೇಗೆ ಅಂತ ಯಾರೂ ಹೇಳಲಿಲ್ಲ. ಮೇಲಿನಿಂದ ನೋಡಿದರೆ ಒಂದು ಪಟ್ಟಿ ಮೂತಿಯಿಂದ ಹಿಂಭಾಗದವರೆಗೆ ಉದ್ದಕ್ಕೆ, ಇನ್ನೊಂದು ನಡುವಿನಲ್ಲಿ ಅಡ್ಡಕ್ಕೆ. ಎರಡೂ ಸೇರಿ ಟ್ಯಾಂಕನ್ನು ಹೆಚ್ಚುಕಡಿಮೆ ನಾಲ್ಕು ಪಾಲು ಮಾಡಿದ ಹಾಗೆ. ನೆಟ್ಟಗೆ ಎಳೆಯಬೇಡಿ, ಅಲೆಅಲೆಯಾಗಿ ಹೋಗಲಿ. ಅಂಚು ಸ್ಪಷ್ಟ ಇರಬೇಕು, ಏರ್‌ಬ್ರಷ್‌ನ ಮಸುಕು ಅಂಚು ಇಲ್ಲಿ ಬೇಡ.

ಹಳದಿ ಬಣ್ಣದ ತೊಂದರೆ ಏನೆಂದರೆ ಅದು ಕೆಳಗಿನದನ್ನು ಮುಚ್ಚುವುದಿಲ್ಲ. ಹಸಿರಿನ ಮೇಲೆ ಬಳಿದರೆ ಹಸಿರಾಗಿ, ಕಂದಿನ ಮೇಲೆ ಬಳಿದರೆ ಕೊಳೆಯಾಗಿ ಕಾಣುತ್ತದೆ, ಒಂದೇ ಪಟ್ಟಿ ಎರಡು ಬಣ್ಣ. ಹಾಗಾಗಿ ಮೊದಲು ಬಿಳಿ ಪೆನ್ಸಿಲ್‌ನಲ್ಲಿ ತೆಳ್ಳಗೆ ಗುರುತು ಹಾಕಿ. ಗೆರೆಯ ಒಳಗೆ ಮಾತ್ರ ಕೆನೆಬಿಳಿ ಬಳಿದು ಒಣಗಲು ಬಿಡಿ. ಆಮೇಲೆ ಹಳದಿಯನ್ನು ತೆಳು ಮಾಡಿಕೊಂಡು ಮೂರೋ ನಾಲ್ಕೋ ಸಲ ಬ್ರಷ್‌ನಲ್ಲೇ ಬಳಿಯಿರಿ. ರಿವೆಟ್ ಸಾಲು ಬಂದಾಗ ಬ್ರಷ್ಷನ್ನು ಅದರ ಸುತ್ತ ತಿರುಗಿಸಿ, ಇಲ್ಲದಿದ್ದರೆ ಪ್ರತಿ ರಿವೆಟ್ಟಿನ ನೆರಳಿನ ಕಡೆ ಬಿಳಿ ಚುಕ್ಕೆ ಉಳಿಯುತ್ತದೆ. ಸಾಮಾನ್ಯ ಹಳದಿ ತುಂಬಾ ಕಣ್ಣಿಗೆ ಹೊಡೆದರೆ ಒಂದು ಚೂರು ಕಂದು ಬೆರೆಸಿ.

ಬಳೆ ಆಂಟೆನಾಗೆ ನಿಪ್ಪರ್ (ಕತ್ತರಿಸುವ ಇಕ್ಕಳ) ಹಾಕಬೇಡಿ. ನಿಪ್ಪರ್ ಕಚ್ಚುವಾಗಿನ ಧಕ್ಕೆಗೇ ಅದು ಬೇರೆ ಕಡೆ ಮುರಿಯುತ್ತದೆ. ಸಣ್ಣ ಗರಗಸದ ಬ್ಲೇಡ್‌ನಿಂದ ಸುತ್ತಲಿನ ಸ್ಪ್ರೂ ಚೌಕಟ್ಟನ್ನು ಮೊದಲು ತುಂಡು ಮಾಡಿ, ಒತ್ತಡ ಇಳಿಸಿ, ಆಮೇಲೆ ಬಳೆಯ ಹತ್ತಿರ ಬನ್ನಿ. ಮುರಿದೇ ಹೋದರೆ ಸರಿಯಾದ ಅಳತೆಯ ಮುಚ್ಚಳಕ್ಕೆ ಹಿತ್ತಾಳೆ ತಂತಿ ಸುತ್ತಿ ಹೊಸದು ಮಾಡಬಹುದು, ನನ್ನದು ಈಗ ತಂತಿಯದೇ.

ಒಂದು ಕೊನೇ ಮಾತು, ಮಡ್‌ಗಾರ್ಡ್ ಅಂಚು. ಕಿಟ್‌ನ ಪ್ಲಾಸ್ಟಿಕ್ 1 ಮಿ.ಮೀ. ದಪ್ಪ ಇದ್ದರೆ ನಿಜದ ಲೆಕ್ಕದಲ್ಲಿ ಅದು 35 ಮಿ.ಮೀ. ಆಯಿತು. ಚಿ-ಹಾದ ಕವಚವೇ ಹೆಚ್ಚಿನ ಕಡೆ 25 ಮಿ.ಮೀ. ಮೀರುವುದಿಲ್ಲ, ಮಡ್‌ಗಾರ್ಡ್ ಬರೀ ತಗಡು. ಅಂಚನ್ನು ಅಡಿಯಿಂದ ಉಪ್ಪುಕಾಗದದಲ್ಲಿ ಉಜ್ಜಿ ತೆಳು ಮಾಡಿ. ಅರ್ಧ ಗಂಟೆ ಕೆಲಸ, ಆದರೆ ಇಡೀ ಟ್ಯಾಂಕಿನ ಕಳೆಯೇ ಬದಲಾಗುತ್ತದೆ.

ಮಣ್ಣುಬಣ್ಣ

ನಿಮ್ಮ ತಕರಾರು ಒಪ್ಪಿದೆ. ಫೋಟೋ ಬೇಕು ಅಂದದ್ದು ಸೈಪಾನ್‌ನಲ್ಲಿ ಪಟ್ಟಿ ಬಳಿಯುವುದಾದರೆ ಮಾತ್ರ, ಯಾಕೆಂದರೆ ಅಲ್ಲಿ ಅದು ಮಾಮೂಲಲ್ಲ. ಮಲಯಕ್ಕೆ ಅಷ್ಟು ಹೆದರಬೇಕಾಗಿಲ್ಲ.

ಇನ್ನೊಂದು ಹೇಳಲು ಮರೆತೆ. ಸ್ಲಿಮ್ ನದಿಯ ಟ್ಯಾಂಕ್ ಮಾಡುವುದಾದರೆ ಕೆಸರು ಮೆತ್ತಬೇಡಿ. ಅವರು ಓಡಿದ್ದು ರಸ್ತೆಯ ಮೇಲೆ. ಟ್ರ್ಯಾಕ್ ಮತ್ತು ಚಕ್ರಗಳಿಗೆ ಸ್ವಲ್ಪ ಕೆಂಪು ಮಣ್ಣಿನ ಪುಡಿ, ಹಿಂದಿನ ಸೈಲೆನ್ಸರ್‌ಗಳಿಗೆ ತುಕ್ಕು, ಅಷ್ಟು ಸಾಕು. ಆ ಸೈಲೆನ್ಸರ್ ಮೇಲೆ ಬಲೆಯ ಹೊದಿಕೆ ಇರುತ್ತದೆ. ತುಕ್ಕನ್ನು ಬಲೆಯ ಒಳಗೆ ಮೊದಲು ಬಳಿದು, ಬಲೆಯ ಮೇಲ್ಮೈಗೆ ಟ್ಯಾಂಕಿನ ಬಣ್ಣವನ್ನೇ ಒಣ ಬ್ರಷ್‌ನಲ್ಲಿ ತೀಡಿ.

ಸ್ಪ್ರೂಕತ್ತರಿ

ಎಲ್ಲರಿಗೂ ತುಂಬಾ ಥ್ಯಾಂಕ್ಸ್. ಸೈಪಾನ್ ಬಿಟ್ಟೆ, ಸ್ಲಿಮ್ ನದಿ ಅಂತ ಗಟ್ಟಿ ಮಾಡಿದೆ. ಶುಮುಶು ಕಥೆ ಓದಿದ ಮೇಲೆ ಶಿನ್‌ಹೋತೋ ಕಿಟ್ ಒಂದನ್ನೂ ಹುಡುಕುತ್ತಿದ್ದೇನೆ.

ಈ ವಾರ ಆದ ಕೆಲಸ ಹೇಳುತ್ತೇನೆ. ಆಂಟೆನಾ ಗರಗಸದಿಂದ ಬಿಡಿಸಿದೆ, ಮುರಿಯದೆ ಬಂತು! ಚಕ್ರಗಳಿಗೆಲ್ಲ ಎರಡು ಕೋಟ್ ಲ್ಯಾಕರ್ ಆಗಿದೆ. ನಡುವಿನ ರೋಲರ್ ಅರ್ಧವೇ ಇರುವುದನ್ನು ನಾನು ಅಂಟಿಸುವಾಗ ಗಮನಿಸಿಯೇ ಇರಲಿಲ್ಲ. ಮೂರು ಬಣ್ಣ ಹೊಡೆದು, ಪೆನ್ಸಿಲ್ ಗುರುತು ಹಾಕಿ, ಕೆನೆಬಿಳಿಯೂ ಬಳಿದಾಯಿತು.

ಬಳಿಯುವಾಗ ಒಂದು ವಿಷಯ ಕಂಡಿತು. ಫಿರಂಗಿ ನೇರ ಮುಂದಿದ್ದಾಗ ಹಲ್ ಮೇಲಿನ ಪಟ್ಟಿ ಟರೆಟ್ ಮೇಲೂ ಹಾಗೇ ಮುಂದುವರೆಯುತ್ತದೆ. ಟರೆಟ್ಟನ್ನು ಸ್ವಲ್ಪ ಎಡಕ್ಕೆ ತಿರುಗಿಸಿದೆ, ಪಟ್ಟಿ ಅಲ್ಲೇ ತುಂಡಾಗಿ ಪಕ್ಕಕ್ಕೆ ಸರಿಯಿತು. ರಸ್ತೆ ಬದಿಯಲ್ಲಿ ಏನನ್ನೋ ನೋಡಿ ಈಗಷ್ಟೇ ತಿರುಗಿದೆ ಅನ್ನುವ ಹಾಗೆ ಕಾಣುತ್ತದೆ. ಟರೆಟ್ ಹಾಗೇ ಇಡುತ್ತೇನೆ. ನಾಳೆ ಹಳದಿ ಶುರು.