ವಿಂಡೋಸ್‌ನಿಂದ ಲಿನಕ್ಸ್‌ಗೆ: ಹಳೆಯ ಎಕ್ಸೆಲ್ ಕಡತಗಳ ಗತಿಯೇನು?

ಪ್ರಶ್ನೆ: ವಿಂಡೋಸ್ 10ರ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ರಂದು ಕೊನೆಗೊಂಡಿರುವುದರಿಂದಲೂ, ಟಿಪಿಎಂ 2.0 (ಭದ್ರತಾ ಚಿಪ್) ಇಲ್ಲದ ನನ್ನ ಕಂಪ್ಯೂಟರ್ ವಿಂಡೋಸ್ 11ಕ್ಕೆ ಅರ್ಹವಲ್ಲದ್ದರಿಂದಲೂ ಉಚಿತ ಕಾರ್ಯಾಚರಣಾ ವ್ಯವಸ್ಥೆಯಾದ ಲಿನಕ್ಸ್ ಮಿಂಟ್‌ಗೆ ಬದಲಾಗಲು ಯೋಚಿಸುತ್ತಿದ್ದೇನೆ. ಮ್ಯಾಕ್ರೋಗಳಿರುವ (ಕೆಲಸಗಳನ್ನು ತಾನಾಗಿ ಮಾಡುವ ಸಣ್ಣ ಪ್ರೋಗ್ರಾಂಗಳಿರುವ) ಎಕ್ಸೆಲ್ ಕಡತಗಳು ಅಲ್ಲಿ ಕೆಲಸ ಮಾಡುತ್ತವೆಯೇ?

ಉತ್ತರ 1: ಸರಳ ಕಡತಗಳನ್ನು ಲಿಬ್ರೆಆಫೀಸ್ (ಉಚಿತ ಆಫೀಸ್ ತಂತ್ರಾಂಶ) ಚೆನ್ನಾಗಿಯೇ ತೆರೆಯುತ್ತದೆ, ಆದರೆ ವಿಬಿಎ (ಎಕ್ಸೆಲ್ ಬಳಸುವ ಪ್ರೋಗ್ರಾಮಿಂಗ್ ಭಾಷೆ) ಮ್ಯಾಕ್ರೋಗಳಿಗೆ ಅದರ ಬೆಂಬಲ ಭಾಗಶಃ ಮಾತ್ರ. ಆದ್ದರಿಂದ ಬದಲಾಗುವ ಮೊದಲೇ ವಿಂಡೋಸ್‌ನಲ್ಲಿ ಲಿಬ್ರೆಆಫೀಸ್ ಹಾಕಿಕೊಂಡು, ಕಡತಗಳ ಪ್ರತಿಗಳನ್ನು ಅದರಲ್ಲಿ ನಡೆಸಿ ನೋಡಿ. ವೈಫೈ, ಪ್ರಿಂಟರ್‌ಗಳ ಪರೀಕ್ಷೆಗೆ ಪೆನ್‌ಡ್ರೈವ್‌ನಿಂದಲೇ ಮಿಂಟ್ ಚಾಲನೆ ಮಾಡಬಹುದು, ಹಾರ್ಡ್‌ಡಿಸ್ಕನ್ನು ಮುಟ್ಟಬೇಕಿಲ್ಲ.

ಉತ್ತರ 2: ಬದಲಾಗುವ ಮೊದಲು ಕಡತಗಳನ್ನು ನಕಲಿಸಿಡುವ ಬ್ಯಾಕಪ್ ಡಿಸ್ಕ್ ಫ್ಯಾಟ್32 ಮಾದರಿಯಲ್ಲಿ ಫಾರ್ಮ್ಯಾಟ್ ಆಗಿದ್ದರೆ 4 ಜಿಬಿಗಿಂತ ದೊಡ್ಡ ಕಡತ ಅದರಲ್ಲಿ ಉಳಿಯುವುದಿಲ್ಲ (ನಾನು ಇದನ್ನು ಅರ್ಧ ದಾರಿಯಲ್ಲಿ ಕಲಿತೆ). ಎಕ್ಸ್‌ಫ್ಯಾಟ್ ಮಾದರಿ ವಿಂಡೋಸ್, ಲಿನಕ್ಸ್ ಎರಡೂ ಕಡೆ ನಡೆಯುತ್ತದೆ.

ಪ್ರಶ್ನೆ ಕೇಳಿದವರು: ಪರೀಕ್ಷಿಸಿದೆ. ಒಂದು ಕಡತದ ಮ್ಯಾಕ್ರೋ ಮಾತ್ರ ಕೈಕೊಟ್ಟಿತು. ಅದಕ್ಕಾಗಿ ವರ್ಚುವಲ್ ಯಂತ್ರದಲ್ಲಿ (ಲಿನಕ್ಸ್ ಒಳಗೇ ತಂತ್ರಾಂಶವಾಗಿ ನಡೆಯುವ ಕಂಪ್ಯೂಟರ್) ವಿಂಡೋಸ್ ಉಳಿಸಿಕೊಳ್ಳುತ್ತೇನೆ.